ವೇದಿಕೆಯ ಹಕ್ಕು, ಮನೆಯ ಹಕ್ಕು

ಸಮಾವೇಶದ ಆಹ್ವಾನ ಪತ್ರಿಕೆ, ಸ್ವಾಗತ ಭಾಷಣ, ನಿರ್ಣಯಗಳ ಪಟ್ಟಿ, ಜಾಹೀರಾತುಗಳ ನಡುವೆ ಲೇಖನಗಳನ್ನು ಹುಡುಕಬೇಕಾದ ಸ್ಮರಣ ಸಂಚಿಕೆ - ಇವನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಓದಬೇಕೆಂಬುದು ನಮ್ಮ ಅಭಿಪ್ರಾಯ. ಒಂದು ಸಮುದಾಯ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ, ಯಾರಿಗೆ ಹೇಳುತ್ತದೆ, ಯಾವುದನ್ನು ಹೇಳದೆ ಬಿಡುತ್ತದೆ ಎಂಬುದನ್ನು ತಿಳಿಯಲು ಇವುಗಳಷ್ಟು ಒಳ್ಳೆಯ ದಾಖಲೆ ಬೇರೆ ಸಿಗುವುದು ಕಷ್ಟ. ಸರ್ ಸಯ್ಯದ್ ಅಹ್ಮದ್ ಖಾನರು 1886ರಲ್ಲಿ ಅಲಿಗಢದಲ್ಲಿ ಶೈಕ್ಷಣಿಕ ಕಾನ್ಫರೆನ್ಸನ್ನು ಆರಂಭಿಸಿದಂದಿನಿಂದ ಭಾರತದ ಮುಸ್ಲಿಮರಿಗೆ ಈ ಪ್ರಕಾರ ಪರಿಚಿತ. ಶಾಮಿಯಾನ, ಖಿರಾಅತ್, ಒಂದರ ಹಿಂದೊಂದು ತಕರೀರು, ಹಾರ, ಶಾಲು, ಊಟದ ಹೊತ್ತು ಮೀರಿದ ಮೇಲೆ ಗಡಿಬಿಡಿಯಲ್ಲಿ ಓದಿ ಮುಗಿಸುವ ನಿರ್ಣಯಗಳು. ಚೌಕಟ್ಟು ಹೆಚ್ಚು ಬದಲಾಗಿಲ್ಲ. ಅಂದಿನ ಮಾತು ತಾಲೀಮಿನದು, ಇಂದಿನ ಮಾತು ಸಾಮಾಜಿಕ ನ್ಯಾಯ ಮತ್ತು ಮಾನವ ಹಕ್ಕುಗಳದು.

ಇಂಥ ಸಮಾವೇಶಗಳ ಬ್ಯಾನರು ಸಾಮಾನ್ಯವಾಗಿ ಎರಡು ಭಾಷೆಗಳಲ್ಲಿರುತ್ತದೆ. ಕನ್ನಡದಲ್ಲಿ 'ಮಾನವ ಹಕ್ಕುಗಳು', ಉರ್ದುವಿನಲ್ಲಿ 'ಇನ್ಸಾನೀ ಹುಕೂಕ್'. ಪ್ರಾಥಮಿಕ ಶಾಲೆಯನ್ನು ಉರ್ದುವಿನಲ್ಲಿ, ಮುಂದಿನದನ್ನು ಕನ್ನಡದಲ್ಲಿ ಓದಿದ ನಮಗೆ ಇದು ಅನುವಾದ ಎನಿಸುವುದೇ ಇಲ್ಲ. ಪದ ಒಂದೇ. ಅರಬಿಯ 'ಹಕ್' ಕನ್ನಡಕ್ಕೆ ಬಂದು 'ಹಕ್ಕು' ಆಯಿತು. ಅರ್ಜಿ, ವಕೀಲ, ಜಾಮೀನು, ತಕರಾರು, ಫಿರ್ಯಾದಿ ಎಲ್ಲವೂ ಅದೇ ದಾರಿಯಲ್ಲಿ ಬಂದು ಇಲ್ಲಿನ ಕಚೇರಿಗಳಲ್ಲಿ ಬೀಡುಬಿಟ್ಟವು. ಇಂದು ಕಟ್ಟಾ ಕನ್ನಡಾಭಿಮಾನಿಗೂ ಹಕ್ಕಿಲ್ಲದೆ ಹೋರಾಟವಿಲ್ಲ!

ಆದರೆ ಪದದ ಮುಖ ತಿರುಗಿದೆ. ಮಕ್ತಬಿನ ಚಾಪೆಯ ಮೇಲೆ ಕುಳಿತು ನಾವು ಕಲಿತ 'ಹುಕೂಕ್-ಉಲ್-ಇಬಾದ್' ಎಂದರೆ ನಾವು ಇತರರಿಗೆ ಸಲ್ಲಿಸಬೇಕಾದದ್ದು. ನೆರೆಯವನ ಹಕ್ಕು, ಅನಾಥನ ಹಕ್ಕು, ಕೂಲಿಯವನ ಹಕ್ಕು, ಹೆಣ್ಣುಮಕ್ಕಳ ಹಕ್ಕು. ಹಕ್ಕುದಾರರು ಅವರು, ಸಾಲಗಾರರು ನಾವು. ಸಮಾವೇಶದ ವೇದಿಕೆಗೆ ಬಂದಾಗ ಇದೇ ಪದ ನಮಗೆ ಬರಬೇಕಾದದ್ದು ಎಂದಷ್ಟೇ ಅರ್ಥ ಕೊಡತೊಡಗುತ್ತದೆ. ಎರಡೂ ಅರ್ಥಗಳು ನಿಜ. ಒಂದನ್ನೇ ಉಳಿಸಿಕೊಂಡು ಇನ್ನೊಂದನ್ನು ಮಕ್ತಬಿನಲ್ಲೇ ಬಿಟ್ಟುಬಂದದ್ದರಲ್ಲಿ ಈ ಪ್ರಕಾರದ ದೌರ್ಬಲ್ಯವಿದೆ ಎಂದು ನಾವು ಭಾವಿಸುತ್ತೇವೆ.

ತಪ್ಪು ತಿಳಿಯುವವರಿಗಾಗಿ ಒಂದು ಮಾತು. ಹೊರಗೆ ಕೇಳುವ ಬೇಡಿಕೆಗಳು ನ್ಯಾಯವಾದವು. ಕರ್ನಾಟಕದಲ್ಲಿ 1995ರಿಂದ ಜಾರಿಯಲ್ಲಿದ್ದ ಪ್ರವರ್ಗ 2ಬಿಯ ಶೇಕಡಾ 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಲ್ಲಿರುವಾಗ, ಅಂದಿನ ಸರ್ಕಾರ ರದ್ದುಪಡಿಸಿ ಒಕ್ಕಲಿಗರಿಗೆ ಎರಡು, ಲಿಂಗಾಯತರಿಗೆ ಎರಡು ಎಂದು ಹಂಚಿತು. ಸುಪ್ರೀಂ ಕೋರ್ಟ್ ಆ ತೀರ್ಮಾನದ ಬುನಾದಿಯನ್ನೇ ಪ್ರಶ್ನಿಸಿದ ಮೇಲೆ ಅದನ್ನು ಜಾರಿಗೊಳಿಸುವುದಿಲ್ಲವೆಂದು ಸರ್ಕಾರವೇ ಹೇಳಬೇಕಾಯಿತು. ಇಂಥ ಹೊತ್ತಿನಲ್ಲಿ ಸಮಾವೇಶ ಮಾಡದ ಸಮುದಾಯ ಬದುಕಿದೆ ಎನ್ನುವುದು ಹೇಗೆ? ಕೇಳುವುದರಲ್ಲಿ ದೋಷವಿಲ್ಲ. ಕೇಳುವ ಬಗೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಕೇಳಿದ ಮೇಲೆ ಮನೆಗೆ ಹೋಗುವ ಬಗೆಯಲ್ಲಿ ಇದೆ.

ಉದಾಹರಣೆಗೆ ಸಾಚಾರ್ ಸಮಿತಿಯ ವರದಿಯನ್ನೇ ತೆಗೆದುಕೊಳ್ಳಿ. 2005ರಲ್ಲಿ ನೇಮಕವಾಗಿ 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಈ ವರದಿ ವೇದಿಕೆಗಳಲ್ಲಿ ಪಡೆದಷ್ಟು ಉಲ್ಲೇಖವನ್ನು ಬೇರಾವ ಸರ್ಕಾರಿ ದಾಖಲೆಯೂ ಪಡೆದಿರಲಾರದು. ಐ.ಎ.ಎಸ್.ನಲ್ಲಿ ಶೇಕಡಾ 3, ಐ.ಪಿ.ಎಸ್.ನಲ್ಲಿ 4, ವಿದೇಶಾಂಗ ಸೇವೆಯಲ್ಲಿ 1.8 ಎಂಬ ಅಂಕಿಗಳು ಭಾಷಣಕಾರರಿಗೆ ಬಾಯಿಪಾಠ. ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗ ಶಾಲೆಯ ಮುಖ ನೋಡಿಲ್ಲ ಅಥವಾ ಬಿಟ್ಟುಬಂದಿದೆ ಎಂಬುದನ್ನೂ ಆಗಾಗ ಕೇಳುತ್ತೇವೆ. ಹತ್ತನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಧ್ವನಿವರ್ಧಕ ಕೆಡುತ್ತದೆ. ಅಲ್ಲಿ ಅಶ್ರಫ್, ಅಜ್ಲಫ್, ಅರ್ಜಲ್ ಎಂಬ ನಮ್ಮೊಳಗಿನ ಮೂರು ಮೆಟ್ಟಿಲುಗಳ ಚರ್ಚೆಯಿದೆ. ದೇಶದ ಮುಸ್ಲಿಮರಲ್ಲಿ ಶೇಕಡಾ 40.7ರಷ್ಟು ಜನ ಹಿಂದುಳಿದ ವರ್ಗಗಳವರು ಎಂಬ ಲೆಕ್ಕವಿದೆ. ನಮ್ಮ ರಾಜ್ಯದಲ್ಲೂ ಹತ್ತಿ ಹಿಂಜುತ್ತಿದ್ದ ನದಾಫ್, ಪಿಂಜಾರರು ಪ್ರವರ್ಗ ಒಂದರಲ್ಲಿದ್ದಾರೆ, 2ಬಿಯಲ್ಲಲ್ಲ. ಅವರ ಹಿಂದುಳಿದಿರುವಿಕೆ ಬೇರೆ ಬಗೆಯದು ಎಂದು ಸರ್ಕಾರದ ಪಟ್ಟಿ ಒಪ್ಪುತ್ತದೆ, ನಮ್ಮ ವೇದಿಕೆ ಒಪ್ಪುವುದಿಲ್ಲ. 'ನಮ್ಮಲ್ಲಿ ಜಾತಿ ಇಲ್ಲ' ಎಂಬ ವಾಕ್ಯ ಪ್ರತಿ ಸಮಾವೇಶದಲ್ಲೂ ಒಮ್ಮೆಯಾದರೂ ಕೇಳಿಬರುತ್ತದೆ. ಅದನ್ನು ಹೇಳುವವರ ಮನೆಯಿಂದ ನದಾಫರ ಮನೆಗೆ ಹೆಣ್ಣು ಕೊಟ್ಟದ್ದನ್ನು ನಾವಂತೂ ಕಂಡಿಲ್ಲ.

ಸಾಚಾರ್ ಸಮಿತಿಯ ಏಳು ಸದಸ್ಯರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ವರದಿಯನ್ನು ಹೊಗಳುವ ಭಾಷಣಗಳಲ್ಲಿ ಈ ಕೊರತೆ ಕಾಣಿಸಿಕೊಳ್ಳದಿರುವುದು ಆಶ್ಚರ್ಯವಲ್ಲ. ಅವರ ಎದುರಿನ ವೇದಿಕೆಯೂ ಹಾಗೆಯೇ ಇರುತ್ತದಲ್ಲ.

ಇನ್ನು ನಿರ್ಣಯಗಳ ವ್ಯಾಕರಣ. ಕತೆ ಬರೆಯುವವರಿಗೆ ಕ್ರಿಯಾಪದದ ಮೇಲೆ ಕಣ್ಣು ಹೆಚ್ಚು. 'ಈ ಸಮಾವೇಶವು ಸರ್ಕಾರವನ್ನು ಒತ್ತಾಯಿಸುತ್ತದೆ', 'ಆಗ್ರಹಿಸುತ್ತದೆ', 'ಖಂಡಿಸುತ್ತದೆ', 'ಕಳವಳ ವ್ಯಕ್ತಪಡಿಸುತ್ತದೆ'. ಈ ನಾಲ್ಕೇ ಕ್ರಿಯಾಪದಗಳಲ್ಲಿ ಹನ್ನೆರಡು ನಿರ್ಣಯ ಮುಗಿಯುತ್ತವೆ. ನಾಲ್ಕೂ ಹೊರಮುಖದವು. 'ಈ ಸಮಾವೇಶದಲ್ಲಿ ಸೇರಿರುವ ನಾವು ಕೊಡುತ್ತೇವೆ', 'ಬಿಡುತ್ತೇವೆ', 'ಹಿಂದಿರುಗಿಸುತ್ತೇವೆ' ಎಂಬ ಕ್ರಿಯಾಪದಗಳಿಗೆ ಅಲ್ಲಿ ಜಾಗವಿಲ್ಲ. ಒಳಗಿನ ಸುಧಾರಣೆಯ ಪ್ರಸ್ತಾಪ ಬಂದರೂ 'ಸಮುದಾಯ ಎಚ್ಚೆತ್ತುಕೊಳ್ಳಬೇಕು' ಎಂಬ ಕರ್ತೃವಿಲ್ಲದಂಥ ವಾಕ್ಯದಲ್ಲಿ ಬರುತ್ತದೆ. ಎಚ್ಚೆತ್ತುಕೊಳ್ಳಬೇಕಾದವರು ಯಾರು? ಎದುರಿನ ಕುರ್ಚಿಯವರೋ, ಹಿಂದಿನ ಸಾಲಿನವರೋ, ಪರದೆಯ ಆಚೆಯವರೋ? ಕೇಳಿದವರೆಲ್ಲ ಪಕ್ಕದವನ ಕಡೆ ನೋಡುತ್ತಾರೆ.

ಕೆಲ ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಇಂಥದೇ ಸಮಾವೇಶದಲ್ಲಿ ನಾವೂ ಕುಳಿತಿದ್ದೆವು. ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳಿಸಿ ಎಂದು ನಿರೂಪಕರು ಹೇಳಿದರು. ಹೆಂಗಸರ ಕಡೆಯಿಂದ ಒಬ್ಬ ಹುಡುಗ ಚೀಟಿ ತಂದುಕೊಟ್ಟ. ನಿರೂಪಕರು ಓದಿ, ಮಡಚಿ, ಜೇಬಿಗೆ ಹಾಕಿಕೊಂಡರು. ಊಟದ ಹೊತ್ತಿನಲ್ಲಿ ನಾವು ಕೇಳಿದಾಗ ನಕ್ಕು ತೋರಿಸಿದರು. ಅದರಲ್ಲಿದ್ದದ್ದು ಇಷ್ಟು: ಅಬ್ಬಾ ತೀರಿಕೊಂಡ ಮೇಲೆ ಅಣ್ಣಂದಿರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಸಹಿ ಹಾಕಿಸಿಕೊಂಡಿದ್ದಾರೆ, ಆ ಕಾಗದವನ್ನು ರದ್ದು ಮಾಡಿಸಲು ಯಾರನ್ನು ಕೇಳಬೇಕು? 'ಇದು ಮನೆಯ ಜಗಳ ಸಾಹೇಬ್ರೆ, ಇಲ್ಲಿ ತಂದರೆ ಹೇಗೆ?' ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಮೀಸಲಾತಿಯ ಬಗ್ಗೆ ಅಂದು ಅತ್ಯುತ್ತಮವಾಗಿ ಮಾತಾಡಿದವರು ಅವರೇ.

ಆ ಕಾಗದದ ಹೆಸರು 'ಹಕ್ಕು ಬಿಡುಗಡೆ ಪತ್ರ'. ನಮ್ಮ ಬ್ಯಾನರಿನ ಮೇಲಿದ್ದ ಅದೇ ಪದ. ಗಂಡಿಗೆ ಎರಡು ಪಾಲಾದರೆ ಹೆಣ್ಣಿಗೆ ಒಂದು ಪಾಲು ಎಂದು ಕುರ್‌ಆನ್ ಗೊತ್ತುಮಾಡಿಕೊಟ್ಟಿದೆ. ಅದು ಸಮವೇ ಎಂಬ ಚರ್ಚೆ ಒಂದೆಡೆ ಇರಲಿ, ಆ ಒಂದು ಪಾಲೂ ಎಷ್ಟು ಮನೆಗಳಲ್ಲಿ ಕೈಸೇರುತ್ತದೆ? ಸಹಿ ಹಾಕುವ ತಂಗಿಯರನ್ನು ಯಾರೂ ಹೊಡೆಯುವುದಿಲ್ಲ, ಬೆದರಿಸುವುದೂ ಅಪರೂಪ. ತವರಿನ ಬಾಗಿಲು ತೆರೆದಿರಬೇಕು, ಈದಿಗೆ ಒಂದು ಸೀರೆ ಬರಬೇಕು, ನಾಳೆ ಗಂಡ ಕೈಬಿಟ್ಟರೆ ನಿಲ್ಲಲು ಒಂದು ಜಗಲಿ ಬೇಕು. ಇಷ್ಟಕ್ಕಾಗಿ ಅವರು ಹಕ್ಕನ್ನು ಬಿಡುತ್ತಾರೆ. ಅಣ್ಣ ಅದನ್ನು ಮೊಹಬ್ಬತ್ ಎಂದು ಕರೆಯುತ್ತಾನೆ.

ವೇದಿಕೆಯಲ್ಲಿ ಹೆಣ್ಣಿನ ಧ್ವನಿ ಹಿಂದೆ ಇರಲೇ ಇಲ್ಲ ಎನ್ನುವಂತಿಲ್ಲ. 1914ರಲ್ಲಿ ಅಲಿಗಢದಲ್ಲಿ ಹುಟ್ಟಿದ ಅಂಜುಮನ್-ಎ-ಖವಾತೀನ್-ಎ-ಇಸ್ಲಾಮ್ 1918ರಲ್ಲಿ ಲಾಹೋರಿನಲ್ಲಿ ಸೇರಿದಾಗ ಜಹಾನಾರಾ ಶಾಹ್‌ನವಾಜ್ ಅವರು ಬಹುಪತ್ನಿತ್ವದ ವಿರುದ್ಧ ನಿರ್ಣಯ ಮಂಡಿಸಿದರು. ಅಂಗೀಕಾರವೂ ಆಯಿತು, ಊರಲ್ಲಿ ಗದ್ದಲವೂ ಎದ್ದಿತು. ನಮ್ಮ ಸಮಾವೇಶಗಳು ನಡೆಯುವ ಡಿಸೆಂಬರ್ 10ರ ದಿನವನ್ನು ಲೋಕಕ್ಕೆ ಕೊಟ್ಟ 1948ರ ಮಾನವ ಹಕ್ಕುಗಳ ಘೋಷಣೆಯ ರಚನೆಯಲ್ಲೂ ಭಾರತದ ಹಂಸಾ ಮೆಹ್ತಾ ಇದ್ದರು, ಪಾಕಿಸ್ತಾನದ ಬೇಗಮ್ ಶಾಯಿಸ್ತಾ ಇಕ್ರಾಮುಲ್ಲಾ ಇದ್ದರು. ಮದುವೆಯಲ್ಲಿ ಗಂಡು ಹೆಣ್ಣಿಗೆ ಸಮಾನ ಹಕ್ಕು ಎನ್ನುವ ಹದಿನಾರನೆಯ ಅನುಚ್ಛೇದದ ಪರವಾಗಿ ಗಟ್ಟಿಯಾಗಿ ನಿಂತವರಲ್ಲಿ ಶಾಯಿಸ್ತಾ ಒಬ್ಬರು. ಇವರ ಹೆಸರನ್ನು ನಮ್ಮ ಸ್ವಾಗತ ಭಾಷಣಗಳಲ್ಲಿ ಈವರೆಗೆ ನಾವು ಕೇಳಿಲ್ಲ. ಕನ್ನಡದಲ್ಲಂತೂ ವೇದಿಕೆ ಬಿಟ್ಟ ಮಾತನ್ನು ಕತೆಗಳೇ ಆಡಬೇಕಾಯಿತು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಎಂಬತ್ತರ ದಶಕದಲ್ಲೇ ತಲಾಕಿನ ಸಂಕಟವನ್ನು ಮನೆಮನೆಗೆ ತಂದಿತು. ಬಾನು ಮುಷ್ತಾಕ್ ಅವರು ಹೆಂಗಸರಿಗೂ ಮಸೀದಿಯ ಪ್ರವೇಶವಿರಲಿ ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಅನುಭವಿಸಿದರು. 2025ರಲ್ಲಿ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದನೆಯ ಫಲಕಗಳು ಎದ್ದವು. ಸಂತೋಷವೇ. ಆದರೆ ಅಂದು ಅವರಿಗಾದದ್ದು ಮಾನವ ಹಕ್ಕಿನ ಪ್ರಶ್ನೆಯಾಗಿತ್ತು ಎಂದು ಯಾವ ನಿರ್ಣಯ ಹೇಳಿತು?

ಸಮಾವೇಶವೆಂಬ ಪ್ರಕಾರ ಇಷ್ಟಕ್ಕೇ ಸೀಮಿತವಾಗಬೇಕಿಲ್ಲ ಎಂಬುದಕ್ಕೆ 1927ರ ಮಹಾಡ್ ಸಾಕ್ಷಿ. ಅದನ್ನು ಕೆರೆಯ ನೀರಿನ ಹೋರಾಟವೆಂದೇ ನೆನೆಯುವ ನಾವು ಅದು ಮೊದಲು ಒಂದು ಸಮಾವೇಶವಾಗಿತ್ತು ಎಂಬುದನ್ನು ಮರೆಯುತ್ತೇವೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಬೋಲೆಯವರ ನಿರ್ಣಯವನ್ನು ಮುಂಬಯಿ ಶಾಸನ ಸಭೆ 1923ರಲ್ಲೇ ಅಂಗೀಕರಿಸಿತ್ತು. ಮಹಾಡಿನ ಪುರಸಭೆಯೂ ಮರುವರ್ಷ ತನ್ನ ಕೆರೆ ಮುಕ್ತವೆಂದು ಬರೆದುಕೊಂಡಿತ್ತು. ಕಾಗದದ ಮೇಲೆ ಹಕ್ಕಿತ್ತು, ಬಾಯಿಗೆ ನೀರಿರಲಿಲ್ಲ. ಮಾರ್ಚ್ 19 ಮತ್ತು 20ರಂದು ನಡೆದ ಪರಿಷತ್ತಿನಲ್ಲಿ ಅಂಬೇಡ್ಕರ್ ಸರ್ಕಾರದಿಂದ ಕೇಳಬೇಕಾದದ್ದನ್ನು ಕೇಳಿದರು. ಅದೇ ಉಸಿರಿನಲ್ಲಿ ಎದುರು ಕುಳಿತ ತಮ್ಮ ಜನರ ಕಡೆ ತಿರುಗಿ, ಸತ್ತ ದನದ ಮಾಂಸ ಬಿಡಿ, ಎಂಜಲು ಎತ್ತುವುದನ್ನು ಬಿಡಿ ಎಂದೂ ಹೇಳಿದರು. ಆಮೇಲೆ ಸಭೆ ಎದ್ದು ಚವದಾರ್ ಕೆರೆಗೆ ನಡೆಯಿತು. ಹೊರಗಿನವರಿಗೆ ಒಂದು ಮಾತು, ಒಳಗಿನವರಿಗೆ ಒಂದು ಮಾತು, ಕಾಲಿಗೆ ಒಂದು ಕೆಲಸ. ನೀರು ಮುಟ್ಟಿದ್ದಕ್ಕೆ ಸವರ್ಣೀಯರು ದೊಣ್ಣೆ ಹಿಡಿದು ಬಂದಾಗ ಹಲವರು ಆಶ್ರಯ ಪಡೆದದ್ದು ಮುಸ್ಲಿಮರ ಮನೆಗಳಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡನೆಯ ಸಮಾವೇಶಕ್ಕೆ ಯಾರೂ ಜಾಗ ಕೊಡದಿದ್ದಾಗ ತನ್ನ ಜಮೀನು ಬಿಟ್ಟುಕೊಟ್ಟವನು ಫತ್ತೇಖಾನ್ ಎಂಬ ಮುಸ್ಲಿಮ್. ಕೆರೆಯ ದಾವೆ ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನವಾಗಿ ಅಸ್ಪೃಶ್ಯರ ಪರವಾದದ್ದು 1937ರಲ್ಲಿ, ಹತ್ತು ವರ್ಷಗಳ ನಂತರ. ದಲಿತ-ಮುಸ್ಲಿಮ್ ಐಕ್ಯದ ಬಗ್ಗೆ ಮಾತಾಡುವಾಗ ನಮ್ಮ ಭಾಷಣಕಾರರು ಬಳಸುವ ಉತ್ಪ್ರೇಕ್ಷೆಗಳಿಗಿಂತ ಫತ್ತೇಖಾನನ ಆ ತುಂಡು ನೆಲ ದೊಡ್ಡದು. ಅವನು ಏನನ್ನೂ ಒತ್ತಾಯಿಸಲಿಲ್ಲ, ಆಗ್ರಹಿಸಲಿಲ್ಲ. ಕೊಟ್ಟ.

ಅದೇ 1937ರಲ್ಲಿ ಷರೀಅತ್ ಅನ್ವಯ ಕಾಯ್ದೆ ಬಂತು. ನಮ್ಮ ಸಮಾವೇಶಗಳಲ್ಲಿ ಅತಿ ಹೆಚ್ಚು ಚಪ್ಪಾಳೆ ಗಿಟ್ಟಿಸುವ ನಿರ್ಣಯ ಈ ಕಾಯ್ದೆಯ ರಕ್ಷಣೆಯದು. ಆದರೆ ಆ ಕಾಯ್ದೆಯ ಎರಡನೆಯ ಕಲಮು ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತ್ತು. ಮದುವೆ, ತಲಾಕು, ಮೆಹರಿಗೆ ಷರೀಅತ್ತು. ಹೆಣ್ಣುಮಕ್ಕಳ ಪಾಲು ನಿಜವಾಗಿ ಇದ್ದ ಹೊಲಗದ್ದೆಗೆ ಅದರ ಅನ್ವಯವಿಲ್ಲ. ಮದರಾಸಿನವರು 1949ರಲ್ಲಿ ತಿದ್ದುಪಡಿ ತಂದು ಈ ಕೊರತೆ ನೀಗಿಸಿಕೊಂಡರು. ಕೇಂದ್ರದ ಮೂಲ ಕಾಯ್ದೆಯಲ್ಲಿ ಆ ಮಾತು ಹಾಗೆಯೇ ಉಳಿಯಿತು. ಷರೀಅತ್ತನ್ನು ಮುಟ್ಟಬೇಡಿ ಎಂದು ಸರ್ಕಾರಕ್ಕೆ ಹೇಳುವ ನಿರ್ಣಯಗಳನ್ನು ನಾವು ಸಾಕಷ್ಟು ಕೇಳಿದ್ದೇವೆ. ಷರೀಅತ್ತನ್ನು ಹೊಲಕ್ಕೂ ತನ್ನಿ, ನಮ್ಮ ಅಕ್ಕತಂಗಿಯರ ಪಾಲಿಗೂ ತನ್ನಿ ಎಂಬ ನಿರ್ಣಯವನ್ನು ಯಾರಾದರೂ ಮಂಡಿಸಿದ್ದರೆ ಅದರ ಪ್ರತಿಯನ್ನು ಈ ಪತ್ರಿಕೆಯ ವಿಳಾಸಕ್ಕೆ ಕಳಿಸಬೇಕಾಗಿ ಕೋರುತ್ತೇವೆ.