ರೀಲು ಕ್ಯಾಮೆರಾ: ಇಡುವುದೋ, ಕೊಡುವುದೋ?

ಮಳೆಗಾಲ ಮುಗಿದು ಅಲಮಾರುಗಳನ್ನು ಬಿಸಿಲಿಗೆ ತೆರೆದಿಡುವಾಗಲೋ, ವರ್ಗವಾಗಿ ಸಾಮಾನು ಕಟ್ಟುವಾಗಲೋ, ನಿವೃತ್ತಿಯ ಬಳಿಕ ಊರಿಗೆ ಹೊರಡುವ ಸಿದ್ಧತೆಯಲ್ಲೋ ಇಲ್ಲಿನ ಕನ್ನಡ ಕುಟುಂಬಗಳಲ್ಲಿ ತಪ್ಪದೆ ಏಳುವ ಒಂದು ಪ್ರಶ್ನೆಯಿದೆ. ತೊಗಲಿನ ಚೀಲದಲ್ಲಿ ಮಲಗಿರುವ ಯಾಶಿಕಾ, ಆಗ್ಫಾ ಕ್ಲಿಕ್, ಹಾಟ್ ಶಾಟ್‌ಗಳ ಗತಿಯೇನು? ಮಗನ ಬಳಿ ಡಿಜಿಟಲ್ ಕ್ಯಾಮೆರಾ ಇದೆ. ಎಲ್ಲರ ಜೇಬಿನಲ್ಲೂ ಫೋನಿದೆ. ಮನೆಯಾಕೆ ‘ಯಾರಿಗಾದರೂ ಕೊಟ್ಟುಬಿಡಿ’ ಎನ್ನುತ್ತಾರೆ. ಯಜಮಾನರು ‘ಇರಲಿ ಬಿಡು’ ಎನ್ನುತ್ತಾರೆ. ಇಬ್ಬರೂ ಕಾರಣ ಹೇಳುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ಮಾತು. ಈ ‘ಇರಲಿ’ಯನ್ನೂ ಆ ‘ಕೊಟ್ಟುಬಿಡಿ’ಯನ್ನೂ ಸ್ವಲ್ಪ ಒರೆಗೆ ಹಚ್ಚಿ ನೋಡುವುದು ನಮ್ಮ ಉದ್ದೇಶ.

ಬಾರಾನಗರದಲ್ಲಿ ವಾಸಿಸುವ ನಮಗೆ ಈ ವಿಚಾರ ತೀರ ಹೊರಗಿನದಲ್ಲ. ಬಿ. ಟಿ. ರಸ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ 1956ರಲ್ಲಿ ಸ್ಥಾಪಿತವಾದ ಎಚ್‌ಇಸಿ-2ಎಂ ಯಂತ್ರ, ಹೊರದೇಶದಿಂದ ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರು. ಅಂಕಿಗಳ ಯುಗ ನಮ್ಮ ದೇಶದೊಳಗೆ ಕಾಲಿಟ್ಟದ್ದು ನಾವು ದಿನವೂ ಬಸ್ಸಿಗೆ ಕಾಯುವ ರಸ್ತೆಯಲ್ಲಿಯೇ. ಅದಕ್ಕೂ ಎಪ್ಪತ್ತು ವರ್ಷ ಹಿಂದೆ, ಇನ್ನೂ ಗಾಜಿನ ನೆಗೆಟಿವ್‌ಗಳ ಕಾಲದಲ್ಲಿ, ಕರ್ನಾಟಕದ ಸಾವಿರಾರು ಮನೆಗಳಲ್ಲಿ ಇಂದಿಗೂ ತೂಗುವ ಒಂದು ಚಿತ್ರಕ್ಕೂ ಈ ಊರಿಗೂ ನಂಟು ಬಿತ್ತು. ಶ್ರೀ ರಾಮಕೃಷ್ಣ ಪರಮಹಂಸರು ಪದ್ಮಾಸನದಲ್ಲಿ ಕುಳಿತಿರುವ ಚಿತ್ರವದು. 1883–84ರ ಸುಮಾರಿಗೆ ಬಾರಾನಗರದ ಭಕ್ತ ಭವನಾಥ ಚಟ್ಟೋಪಾಧ್ಯಾಯ, ಕಲ್ಕತ್ತೆಯ ಬೋರ್ನ್ ಅಂಡ್ ಶೆಪರ್ಡ್ ಸ್ಟುಡಿಯೋದಲ್ಲಿ ಕೆಲಸ ಕಲಿಯುತ್ತಿದ್ದ ಅವಿನಾಶಚಂದ್ರ ದಾಂ ಎಂಬಾತನನ್ನು ದಕ್ಷಿಣೇಶ್ವರಕ್ಕೆ ಕರೆದೊಯ್ದ. ಚಿತ್ರ ತೆಗೆದದ್ದೇನೋ ಆಯಿತು. ಆಮೇಲೆ ಗಾಜಿನ ನೆಗೆಟಿವ್ ಕೈಜಾರಿ ಬಿರುಕು ಬಿಟ್ಟಿತು. ದಾಂ ಬಿರುಕಿದ ಭಾಗವನ್ನು ಕಮಾನಿನಂತೆ ಕತ್ತರಿಸಿ ತೆಗೆದು ಉಳಿದುದನ್ನು ಉಳಿಸಿಕೊಂಡನೆಂದು ಚರಿತ್ರೆ ಬರೆದವರು ಹೇಳುತ್ತಾರೆ. ಪರಮಹಂಸರ ತಲೆಯ ಹಿಂದೆ ನಾವು ಕಾಣುವ ಅರ್ಧವೃತ್ತ ಬಂದದ್ದು ಹೀಗೆ.

ಈ ಪ್ರಸಂಗವನ್ನು ವಿಮರ್ಶೆಯ ಕಣ್ಣಿನಿಂದ ನೋಡಬೇಕು. ಆ ಚಿತ್ರವನ್ನು ಯಾವ ಕ್ಯಾಮೆರಾದಲ್ಲಿ ತೆಗೆದರು ಎಂದು ಇಂದು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಕಳೆದುಹೋದದ್ದರಿಂದ ನಮಗೆ ನಷ್ಟವೂ ಆಗಿಲ್ಲ. ಆದರೆ ಗಾಜು ಒಡೆಯಿತೆಂದು ದಾಂ ಅದನ್ನು ಕಸಕ್ಕೆ ಎಸೆದಿದ್ದರೆ ಅಂದಿನ ಆ ಕ್ಷಣ ಮತ್ತೆ ಸಿಗುತ್ತಿರಲಿಲ್ಲ. ಅದೇ ಬೋರ್ನ್ ಅಂಡ್ ಶೆಪರ್ಡ್ ಕಥೆಯನ್ನೂ ನೋಡಿ. ಒಂದೂವರೆ ಶತಮಾನ ನಡೆದ ಆ ಸ್ಟುಡಿಯೋ 2016ರಲ್ಲಿ ಬಾಗಿಲು ಹಾಕಿತು. ಆದರೆ ಅದರ ನಿಜವಾದ ಮರಣ 1991ರ ಬೆಂಕಿಯಲ್ಲಿ, ತಲೆಮಾರುಗಳ ಚಿತ್ರಸಂಗ್ರಹ ಸುಟ್ಟಾಗಲೇ ಆಗಿಹೋಗಿತ್ತು. ಕ್ಯಾಮೆರಾ ಹೊಸದು ಕೊಳ್ಳಬಹುದು, ಬೂದಿಯನ್ನು ತೊಳೆಸಿ ಪ್ರಿಂಟು ಹಾಕಿಸಲಾಗದು.

ರೀಲಿನ ಅಭಿಮಾನಿಗಳು ಇಲ್ಲಿ ಇನ್ನೊಂದು ಹೆಸರು ಎತ್ತುವುದು ಸಹಜ: ನಿಮಾಯ್ ಘೋಷ್. 1968ರಲ್ಲಿ ‘ಗೂಪಿ ಗಾಯೇನ್ ಬಾಘಾ ಬಾಯೇನ್’ ಚಿತ್ರೀಕರಣದಲ್ಲಿ ಸತ್ಯಜಿತ್ ರಾಯರ ಫೋಟೋ ತೆಗೆಯಲಾರಂಭಿಸಿದ ಇವರು ಎರಡು ದಶಕಕ್ಕೂ ಮೀರಿ ರಾಯರ ಬೆನ್ನು ಬಿಡಲಿಲ್ಲ. ಫ್ಲ್ಯಾಷ್ ಬೇಡವೆಂದರು, 2020ರಲ್ಲಿ ತೀರಿಕೊಳ್ಳುವವರೆಗೆ ಡಿಜಿಟಲ್ ಕಡೆಗೂ ತಿರುಗಲಿಲ್ಲ. ‘ನೋಡಿ, ರೀಲಿನ ಮಹಿಮೆ!’ ಎನ್ನುತ್ತಾರೆ ಅಭಿಮಾನಿಗಳು. ಆದರೆ ಘೋಷ್ ಕೆಲಸ ಶುರು ಮಾಡಿದ್ದು ಕ್ಯಾನೊನೆಟ್ ಎಂಬ ಸಾಧಾರಣ ಕ್ಯಾಮೆರಾದಿಂದ. ಆ ಕಪ್ಪುಬಿಳುಪು ಚಿತ್ರಗಳಲ್ಲಿ ರಾಯರು ಯೋಚಿಸುವ ಮುಖ, ಬೆರಳುಗಳ ನಡುವಿನ ಸಿಗರೇಟು, ಕ್ಯಾಮೆರಾಕ್ಕೆ ಬಾಗಿದ ಬೆನ್ನು ಇವೆಲ್ಲ ಸಿಕ್ಕಿದ್ದು ಒಬ್ಬ ಮನುಷ್ಯನ ಪಕ್ಕದಲ್ಲಿ ವರ್ಷಾನುಗಟ್ಟಲೆ ಸದ್ದಿಲ್ಲದೆ ನಿಂತದ್ದರಿಂದ. ರೀಲು ಆ ತಾಳ್ಮೆಗೆ ಒತ್ತಾಸೆಯಾಯಿತು, ತಾಳ್ಮೆಯನ್ನು ಹುಟ್ಟಿಸಲಿಲ್ಲ. ನಮ್ಮ ತೇಜಸ್ವಿಯವರನ್ನೇ ನೆನೆಯಿರಿ. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ರೀಲಿನಲ್ಲೇ ಚಿತ್ರ ಹಿಡಿದವರು, ಕಂಪ್ಯೂಟರು ಬಂದಾಗ ಮೂಗು ಮುರಿಯಲಿಲ್ಲ. ಅದಕ್ಕೆ ಕನ್ನಡ ಕಲಿಸಬೇಕೆಂದು ಹಟ ಹಿಡಿದರು. ಯಂತ್ರದ ವಿಷಯದಲ್ಲಿ ಮಡಿಮೈಲಿಗೆ ಇಲ್ಲದವರು ಕೂಡ ದೊಡ್ಡ ಛಾಯಾಗ್ರಾಹಕರಾಗಬಲ್ಲರು.

ಇನ್ನು ಸಾಮಾನ್ಯವಾಗಿ ಕೇಳಿಬರುವ ವಾದಗಳು. ‘ಮುಂದೆ ಒಳ್ಳೆಯ ಬೆಲೆ ಬಂದೀತು’ ಎಂಬುದೊಂದು. ಲಕ್ಷಗಟ್ಟಲೆ ತಯಾರಾದ ಮಾದರಿಗಳಿಗೆ, ಅದೂ ಗಂಗೆಯ ದಡದ ತೇವದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದವಕ್ಕೆ, ಬೆಲೆ ಬರುವುದು ಕನಸಿನಲ್ಲಿ. ‘ರೀಲು ಸತ್ತೇಹೋಯಿತು’ ಎಂಬ ಎದುರು ವಾದವೂ ನಿಜವಲ್ಲ. ಕ್ಯಾನನ್ 2018ರಲ್ಲಿ, ನಿಕಾನ್ 2020ರಲ್ಲಿ ತಮ್ಮ ಕೊನೆಯ ರೀಲು ಕ್ಯಾಮೆರಾಗಳಿಗೆ ವಿದಾಯ ಹೇಳಿದವು, ಸರಿ. ಆದರೆ ಪೆಂಟ್ಯಾಕ್ಸ್ 2024ರಲ್ಲಿ ಹೊಸದೊಂದನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ದಿವಾಳಿಯ ಮೊರೆಹೊಕ್ಕ ಕೊಡ್ಯಾಕ್ ಮತ್ತೆ ಎದ್ದು ಇಂದಿಗೂ ಫಿಲ್ಮು ತಯಾರಿಸುತ್ತಿದೆ. ಮುಚ್ಚಿದ್ದು ನಮ್ಮದು: ‘ಇಂದು’ ಎಂಬ ಚೆಂದದ ಹೆಸರಿನಲ್ಲಿ ಫಿಲ್ಮು ಕೊಡುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. ಹೀಗಾಗಿ ರೀಲು ಸಿಗುತ್ತದೆ, ಆದರೆ ಹೊರದೇಶದಿಂದ ಬರಬೇಕು. ಕೊಂಡು ತೊಳೆಸಿ ಪ್ರಿಂಟು ಹಾಕಿಸುವ ಹೊತ್ತಿಗೆ ಸಾವಿರ ರೂಪಾಯಿ ದಾಟುವುದು ಈಗ ಸಾಮಾನ್ಯ.

ಎಲ್ಲಕ್ಕಿಂತ ಗಟ್ಟಿಯಾದ ವಾದ ಆಲ್ಬಮ್ಮಿನದು. ‘ಆಗ ಒಂದು ರೀಲಿಗೆ 36 ಚಿತ್ರ, ಕ್ಲಿಕ್ಕಿನಲ್ಲಾದರೆ 12. ಯೋಚಿಸಿ ತೆಗೆಯುತ್ತಿದ್ದೆವು, ಅದಕ್ಕೇ ಉಳಿದಿವೆ.’ ಅರ್ಧ ಸತ್ಯ. ಆ ಹಳೆಯ ಆಲ್ಬಮ್ಮುಗಳನ್ನು ಈಗ ಬಿಡಿಸಿ, ಅವುಗಳಲ್ಲಿ ಯಾರಿಲ್ಲ ಎಂಬುದನ್ನು ಗಮನಿಸಿ ನೋಡಿ. ಮುಂಜಿಯ ಚಿತ್ರದಲ್ಲಿ ಅಜ್ಜ ಕುರ್ಚಿಯ ಮೇಲಿದ್ದಾರೆ, ಮಾವಂದಿರು ಸಾಲಾಗಿ ನಿಂತಿದ್ದಾರೆ. ಇಡೀ ದಿನ ಒಲೆಯ ಮುಂದಿದ್ದ ಚಿಕ್ಕಮ್ಮ ಇಲ್ಲ. ಕ್ಯಾಮೆರಾ ಹಿಡಿದಾತನಂತೂ ತನ್ನ ಮನೆಯ ಯಾವ ಚಿತ್ರದಲ್ಲೂ ಇಲ್ಲ. ರೀಲು ದುಬಾರಿಯಾದ್ದರಿಂದ ಯಾರು ಮುಖ್ಯರೆಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಗುಂಡಿ ಒತ್ತುತ್ತಿದ್ದರು. ಇಂದು ಫೋನಿನಲ್ಲಿ ಅದೇ ಚಿಕ್ಕಮ್ಮ ಹೋಳಿಗೆ ತಟ್ಟುವುದು, ನಗುವುದು, ‘ಸಾಕು ಬಿಡೋ’ ಎಂದು ಕೈ ಅಡ್ಡ ಹಿಡಿಯುವುದು ಎಲ್ಲ ಸಿಗುತ್ತದೆ. ಇದು ಡಿಜಿಟಲ್ಲಿನ ದೊಡ್ಡ ಉಪಕಾರ, ಒಪ್ಪಿಕೊಳ್ಳಬೇಕು.

ಆದರೆ ಆ ಚಿತ್ರ ಎಲ್ಲಿದೆ? ಹತ್ತು ಸಾವಿರ ಚಿತ್ರಗಳ ನಡುವೆ, ಬೆಳಗಿನ ಶುಭಾಶಯಗಳ, ವಿದ್ಯುತ್ ಬಿಲ್ಲಿನ ಫೋಟೋಗಳ ಅಡಿಯಲ್ಲಿ. ಫೋನು ಕೆಟ್ಟಿತೆಂದರೆ, ಗುಪ್ತಪದ ಮರೆತರೆ, ಅದೂ ಇಲ್ಲ. ಅಟ್ಟದ ಮೇಲೆ ಇಪ್ಪತ್ತು ವರ್ಷ ಮರೆತುಬಿಟ್ಟ ನೆಗೆಟಿವ್ ಅದೃಷ್ಟವಿದ್ದರೆ ಬದುಕಿರುತ್ತದೆ; ಇಪ್ಪತ್ತು ವರ್ಷ ಮರೆತ ಹಾರ್ಡ್ ಡಿಸ್ಕನ್ನು ನಂಬಲಾಗದು. ಹಳೆಯ ಆಲ್ಬಮ್ಮು ಕೆಲವರನ್ನು ಹೊರಗಿಟ್ಟಿತು. ಹೊಸ ಫೋನು ಎಲ್ಲರನ್ನೂ ಒಳಗೆ ಸೇರಿಸಿ ಒಟ್ಟಿಗೆ ಕಳೆದುಹಾಕುತ್ತದೆ. ಊರಿನಿಂದ ಎರಡು ಸಾವಿರ ಕಿಲೋಮೀಟರಿನಷ್ಟು ದೂರ ಬಂದು ನೆಲೆಸಿದ ನಮ್ಮಂಥವರಿಗೆ ಇದು ಸಣ್ಣ ನಷ್ಟವಲ್ಲ. ಊರಿನಲ್ಲಿದ್ದರೆ ಅಜ್ಜನ ಮುಖ ಅಣ್ಣನ ಮಗನಲ್ಲೋ ಮನೆಯ ಕಂಬದಲ್ಲೋ ಹೇಗೋ ಉಳಿಯುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಮಾರಿಹೋದ ಆ ತೊಟ್ಟಿಮನೆ, ತೀರಿಹೋದ ಆ ಅಜ್ಜಿ, ಎಲ್ಲವೂ ಚಿತ್ರದಲ್ಲಿ ಮಾತ್ರ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಕೆಲಸ ಮಾಡುವವರಿಗೆ ಕಡತಗಳ ವರ್ಗೀಕರಣ ಗೊತ್ತಿರುತ್ತದೆ. ‘ಎ’ ಎಂದರೆ ಶಾಶ್ವತವಾಗಿ ಇಡು, ಪ್ರತಿಯನ್ನೂ ಮಾಡಿಸು; ‘ಬಿ’ ಎಂದರೆ ಇಡು, ಪ್ರತಿ ಬೇಡ; ‘ಸಿ’ ಎಂದರೆ ಇಂತಿಷ್ಟು ವರ್ಷ ಇಟ್ಟು ವಿಲೇವಾರಿ ಮಾಡು. ‘ಎ’ ವರ್ಗದ ಪ್ರತಿಗೆ ಬಹುಕಾಲ ಬಳಸಿದ್ದು ಮೈಕ್ರೊಫಿಲ್ಮ್, ಅಂದರೆ ರೀಲೇ! ಸರಿಯಾಗಿ ಕಾಪಾಡಿದರೆ ಅದು 500 ವರ್ಷ ಬಾಳೀತೆಂಬ ಅಂದಾಜಿದೆ. ಗುಮಾಸ್ತರ ಈ ಬುದ್ಧಿಯನ್ನು ಮನೆಗೂ ತಂದರೆ ನಮ್ಮ ಪ್ರಶ್ನೆ ಸುಲಭವಾಗುತ್ತದೆ.

ನೆಗೆಟಿವ್‌ಗಳು ‘ಎ’ ವರ್ಗ. ಹಳೆಯ ಫಿಲ್ಮುಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ಅಸಿಟೇಟಿನವು. ಸೆಖೆ ಮತ್ತು ತೇವ ಸೇರಿದರೆ ಅದು ಒಡೆದು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲವೇ ಮತ್ತಷ್ಟು ಒಡೆತವನ್ನು ಚುರುಕುಗೊಳಿಸುತ್ತದೆ. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದೇ ಸೂಚನೆ. ಅಂಥವನ್ನು ಉಳಿದವುಗಳಿಂದ ಬೇರ್ಪಡಿಸಿ ಮೊದಲು ಸ್ಕ್ಯಾನ್ ಮಾಡಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಕಾಗದದ ಲಕೋಟೆಗಳಲ್ಲಿಟ್ಟು, ಅಡುಗೆಮನೆ ಬಚ್ಚಲುಮನೆಗಳಿಂದ ದೂರದ ತಣ್ಣನೆಯ ಜಾಗದಲ್ಲಿಡಬೇಕು. ಪ್ರಿಂಟುಗಳೂ ಆಲ್ಬಮ್ಮುಗಳೂ ‘ಬಿ’ ವರ್ಗ. ನೆಗೆಟಿವ್ ಇಲ್ಲದ ಪ್ರಿಂಟು ಮಾತ್ರ ತಾನೇ ‘ಎ’ಗೆ ಏರುತ್ತದೆ.

ಕ್ಯಾಮೆರಾಗಳು ‘ಸಿ’ ವರ್ಗ. ಇದು ಅವಮಾನವಲ್ಲ. ಉಪಯೋಗದ ವಸ್ತುವಿಗೆ ಉಪಯೋಗವೇ ಆಯುಷ್ಯ. ಬಳಸದ ಕ್ಯಾಮೆರಾದಲ್ಲಿ ಎಣ್ಣೆ ಗಟ್ಟಿಯಾಗಿ ಶಟರು ಹಿಡಿಯುತ್ತದೆ, ಒಳಗಿನ ಫೋಮು ಪುಡಿಯಾಗುತ್ತದೆ, ತೊಗಲಿನ ಚೀಲದ ತೇವಕ್ಕೆ ಬೂಷ್ಟು ಬೆಳೆದು ಲೆನ್ಸಿನ ಗಾಜನ್ನೇ ತಿನ್ನುತ್ತದೆ. ಆದ್ದರಿಂದ ನಮ್ಮ ಸಲಹೆ ಇಷ್ಟೆ: ವರ್ಷಕ್ಕೆ ಒಂದು ರೀಲಾದರೂ ಹಾಕುವೆನೆಂಬ ಮನಸ್ಸಿದ್ದರೆ, 35 ಮಿ.ಮೀ. ಅಥವಾ 120 ರೀಲು ತೆಗೆದುಕೊಳ್ಳುವ, ಚೆನ್ನಾಗಿ ನಡೆಯುವ ಒಂದನ್ನು ಇಟ್ಟುಕೊಳ್ಳಿ. ಬ್ಯಾಟರಿ ತೆಗೆಯಿರಿ, ತೊಗಲಿನ ಚೀಲ ಕಳಚಿ ಸಿಲಿಕಾ ಜೆಲ್ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಉಳಿದವನ್ನು ಧರ್ಮತಲಾದ ಮೆಟ್ರೊ ಗಲ್ಲಿಯ ರಿಪೇರಿಯವರಿಗೋ, ಕಲಿಯುವ ಆಸೆಯ ಹುಡುಗರಿಗೋ ಕೊಡಿ. ಕೊಡುವ ಮುಂಚೆ ಹಿಂಬಾಗಿಲು ತೆರೆಯುವ ಆತುರ ಬೇಡ. ಎಣಿಕೆಯ ಕಿಟಕಿ ನೋಡಿ, ತಿರುಗಿಸುವ ಗುಂಡಿಯನ್ನು ಮೆಲ್ಲನೆ ತಿರುಗಿಸಿ ನೋಡಿ. ಒಳಗೆ ತೊಳೆಸದ ರೀಲೊಂದು ಇದ್ದರೂ ಇರಬಹುದು. ಅದು ‘ಎ’ ವರ್ಗ.

ತಂದೆ ಬಳಸಿದ ಕ್ಯಾಮೆರಾ ಎಂಬ ಕಾರಣಕ್ಕೆ, ಕೆಟ್ಟಿದ್ದರೂ, ಇಡಬೇಕೆನಿಸಿದರೆ? ಇಡಿ. ಆದರೆ ಅವರು ಅದರಲ್ಲಿ ತೆಗೆದ ನಾಲ್ಕು ಚಿತ್ರಗಳನ್ನೂ ಅದರ ಜೊತೆಗಿಡಿ. ಅವರು ಏನನ್ನು ನೋಡಿದರೆಂಬುದು ತಿಳಿಯದೆ ಬರಿಯ ಕ್ಯಾಮೆರಾವನ್ನು ಮೆರೆಸುವುದು, ಪುಸ್ತಕ ಮಾರಿ ಕನ್ನಡಕಕ್ಕೆ ಪೂಜೆ ಮಾಡಿದಂತೆ.

ಕೊನೆಯದಾಗಿ ಎಲ್ಲಕ್ಕಿಂತ ತುರ್ತಾದ ಮಾತು. ಬಾರಾನಗರ ಮಠದ ತರುಣ ಸಂನ್ಯಾಸಿಗಳು 1887ರಲ್ಲಿ ತೆಗೆಸಿಕೊಂಡ ಗುಂಪು ಚಿತ್ರದಲ್ಲಿ ನಿಂತವರು ಯಾರು, ಕುಳಿತವರು ಯಾರು ಎಂದು ಇಂದಿಗೂ ಹೇಳಬಹುದು, ಏಕೆಂದರೆ ಬಲ್ಲವರು ಗುರುತಿಸಿ ಹೆಸರು ಉಳಿಸಿದರು. ನಮ್ಮ ಆಲ್ಬಮ್ಮುಗಳಿಗೆ ಅಂಥವರು ಬೇಕು. ಪ್ರತಿ ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಫೋನಿನ ಚಿತ್ರಗಳಲ್ಲೂ ವರ್ಷಕ್ಕೆ 36ನ್ನು ಆರಿಸಿ ಪ್ರಿಂಟು ಹಾಕಿಸಿ ಹೀಗೆಯೇ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಮಕ್ಕಳಿಗೆ ಓದಲು ಬಾರದೆಂಬ ಚಿಂತೆಯಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ. ‘ಇವರು ನಿನ್ನ ಮುತ್ತಜ್ಜಿ’ ಎಂಬ ನಾಲ್ಕು ಅಕ್ಷರ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇರಲಾರದು. ಸಂಘದ ಒಂದು ಭಾನುವಾರವನ್ನು ಇದಕ್ಕೇ ಮೀಸಲಿಟ್ಟು, ಸ್ಕ್ಯಾನರು ಇರುವವರು ಅದನ್ನು ತಂದು, ಹಿರಿಯರು ಹೆಸರು ಹೇಳಿ, ಕಿರಿಯರು ಬರೆದುಕೊಳ್ಳುವಂತಾದರೆ ಹೇಗೆ ಎಂಬುದನ್ನು ಕಾರ್ಯಕಾರಿ ಸಮಿತಿ ಯೋಚಿಸಲಿ. ಕ್ಯಾಮೆರಾಗಳ ತೀರ್ಮಾನ ಮುಂದಿನ ಮಳೆಗಾಲಕ್ಕೂ ಕಾದೀತು. ಹೆಸರು ಹೇಳಬಲ್ಲ ಹಿರಿಯರು ಎಷ್ಟು ಮಳೆಗಾಲ ನಮ್ಮೊಡನಿರುತ್ತಾರೆ?