ಗೋಡೆಗೊರಗಿದ ತಾಡಾಸನ

ಜೂನ್ 21ರ ಯೋಗ ದಿನದ ಮರುದಿನದ ಪತ್ರಿಕೆಗಳಲ್ಲಿ ವೃಕ್ಷಾಸನದ ಚಿತ್ರ ತಪ್ಪದೆ ಇರುತ್ತದೆ. ಒಂಟಿಕಾಲಲ್ಲಿ ನಿಂತು, ತಲೆಯ ಮೇಲೆ ಕೈ ಜೋಡಿಸಿದ ಸಾಲುಸಾಲು ಜನ. ಸಮತೋಲ ಎಂದರೆ ಇದೇ ಎಂಬ ನಂಬಿಕೆ ನಮ್ಮಲ್ಲಿ ಬೇರೂರಲು ಇಂಥ ಚಿತ್ರಗಳೂ ಕಾರಣ. ಎರಡೂ ಕಾಲೂರಿ ನೆಟ್ಟಗೆ ನಿಲ್ಲುವ ತಾಡಾಸನವನ್ನು ಯಾರೂ ಅಷ್ಟು ಗಂಭೀರವಾಗಿ ಪರಿಗಣಿಸುವುದಿಲ್ಲ. ಮುಂದಿನ ಆಸನಕ್ಕೆ ಹೊರಡುವ ಮೊದಲು ಒಂದು ಗಳಿಗೆ ನಿಲ್ಲುವ ಜಾಗವೆಂದು ಅದನ್ನು ದಾಟಿಹೋಗುತ್ತೇವೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಇರುವವರ ಮಟ್ಟಿಗೆ ಈ ಬೆಲೆಕಟ್ಟುವಿಕೆ ಪೂರ್ತಿ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಬೆನ್ನ ಹಿಂದೆ ಗೋಡೆ, ಎದುರಿಗೆ ಕುರ್ಚಿ ಇಟ್ಟುಕೊಂಡು ಮಾಡುವ ತಾಡಾಸನ ಯೋಗಾಭ್ಯಾಸ ಅವರಿಗೆ ಕೊಡಬಹುದಾದ ಅತ್ಯುತ್ತಮ ಪಾಠ. ನಾವು ಅದನ್ನು ಮೂಲೆಗೆ ತಳ್ಳಿ, ಅವರಿಗೆ ಹೊಂದದ್ದನ್ನು ತಲೆಯ ಮೇಲೆ ಹೊತ್ತುಕೊಂಡಿದ್ದೇವೆ.

ಕಾಯಿಲೆಯ ಪರಿಚಯವನ್ನು ಇಲ್ಲಿ ಬೆಳೆಸಬೇಕಿಲ್ಲ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳಿಗೆ ಹೊದಿಕೆಯಾಗಿರುವ ಮೈಲಿನ್ ಪೊರೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ಹಾಳುಗೆಡವುತ್ತದೆ; ಸಂದೇಶಗಳು ತಡವಾಗುತ್ತವೆ, ಇಲ್ಲವೇ ನಡುದಾರಿಯಲ್ಲೇ ನಿಂತುಹೋಗುತ್ತವೆ. ಕಾಲು ಸೆಟೆದುಕೊಳ್ಳುವುದು, ನಡೆಯುವಾಗ ಆಯ ತಪ್ಪುವುದು, ದುಡಿಯದೆಯೂ ಬರುವ ಸುಸ್ತು, ಇವು ಅದರ ದಿನನಿತ್ಯದ ಕಾಟಗಳು. ದಣಿಯಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಹಳೆಯ ಸಲಹೆ, ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಪೆಟಾಜನ್ ಮತ್ತು ಸಂಗಡಿಗರ 15 ವಾರಗಳ ವ್ಯಾಯಾಮ ಪ್ರಯೋಗ 1996ರಲ್ಲಿ ಪ್ರಕಟವಾದ ಮೇಲೆ ಬಲ ಕಳೆದುಕೊಂಡಿತು. ವ್ಯಾಯಾಮ ಬೇಕೇ ಬೇಡವೇ ಎಂಬ ಚರ್ಚೆ ಮುಗಿದಿದೆ. ಯಾವುದು, ಹೇಗೆ ಎಂಬುದು ಮುಗಿದಿಲ್ಲ.

ನಮ್ಮ ಮುಂದೆ ಎರಡು ತಾಡಾಸನಗಳಿವೆ. ಒಂದು, ಯೋಗ ದಿನಾಚರಣೆಗೆಂದು ಆಯುಷ್ ಸಚಿವಾಲಯ ಹೊರತಂದ ಕಾಮನ್ ಯೋಗ ಪ್ರೊಟೊಕಾಲ್‌ನದು. ಪಾದಗಳ ನಡುವೆ ಎರಡು ಅಂಗುಲ ಅಂತರ ಬಿಟ್ಟು ನಿಂತು, ಬೆರಳುಗಳನ್ನು ಹೆಣೆದು, ಉಸಿರೆಳೆದುಕೊಳ್ಳುತ್ತ ಕೈ ಮೇಲೆತ್ತಬೇಕು; ಜೊತೆಗೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ 10ರಿಂದ 15 ಸೆಕೆಂಡು ನಿಲ್ಲಬೇಕು; ಆಮೇಲೆ ಉಸಿರು ಬಿಡುತ್ತ ಇಳಿಯಬೇಕು. ಇನ್ನೊಂದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಕೈಕೆಳಗೆ ಕಲಿತು, ಪುಣೆಯಲ್ಲಿ ನೆಲೆ ನಿಂತ ಬಿ.ಕೆ.ಎಸ್. ಅಯ್ಯಂಗಾರ್ ಅವರದು. ಅವರ ‘ಲೈಟ್ ಆನ್ ಯೋಗ’ (1966) ಆಸನಗಳನ್ನು ಶುರುಮಾಡುವುದೇ ತಾಡಾಸನದಿಂದ. ಅಲ್ಲಿ ಹಿಮ್ಮಡಿ ನೆಲ ಬಿಡುವುದಿಲ್ಲ. ದೇಹದ ಭಾರ ಹಿಮ್ಮಡಿಗೂ ಬೆರಳುಗಳಿಗೂ ಸಮನಾಗಿ ಹಂಚಿಕೆಯಾಗಿದೆಯೇ ಎಂಬುದೇ ಆ ಪುಟದ ಕೇಂದ್ರ ಪ್ರಶ್ನೆ. ನಿಲ್ಲುವ ರೀತಿಯ ಲೋಪ ಚಪ್ಪಲಿ, ಬೂಟುಗಳ ಸವೆತದಲ್ಲಿ ಕಾಣಿಸುತ್ತದೆ ಎಂದು ಅವರು ಅಲ್ಲಿ ಗುರುತಿಸುತ್ತಾರೆ. ಎಂಎಸ್ ಇರುವವರ ಹವಾಯಿ ಚಪ್ಪಲಿಯನ್ನು ಮಗುಚಿ ನೋಡಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ: ಪಾದ ಮೇಲೇಳದೆ ಎಳೆದುಕೊಂಡು ಹೋಗುವ ಕಾಲಿನ ಚಪ್ಪಲಿ ಮುಂಗಡೆ ಒಂದೇ ಪಕ್ಕದಲ್ಲಿ ತೆಳ್ಳಗಾಗಿರುತ್ತದೆ.

ಪ್ರೊಟೊಕಾಲ್‌ನ ತಾಡಾಸನ ಈ ರೋಗಿಯಿಂದ ಒಟ್ಟೊಟ್ಟಿಗೆ ಏನೇನು ಕೇಳುತ್ತದೆ ನೋಡಿ. ನಿಲ್ಲುವ ತಳ ಕಿರಿದಾಗುತ್ತದೆ. ಕೈ ಎತ್ತಿದ್ದರಿಂದ ಭಾರ ಮೇಲಕ್ಕೆ ಸರಿಯುತ್ತದೆ. ಹಿಮ್ಮಡಿ ಎತ್ತಿದ ಮೇಲೆ ನೆಲದ ಸುದ್ದಿ ಕೊಡಲು ಅಂಗಾಲಿನ ಮುಂಭಾಗವೊಂದೇ ಉಳಿಯುತ್ತದೆ, ಆ ಸುದ್ದಿಯೂ ಬೆನ್ನುಹುರಿಯಲ್ಲಿ ತಡವಾಗಿ ಸಾಗುತ್ತಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇಳಿಯುವಾಗಿನದು. 1980ರಲ್ಲಿ ಆಸ್ಟ್ರೇಲಿಯಾದ ನರವಿಜ್ಞಾನಿ ಜೇಮ್ಸ್ ಲ್ಯಾನ್ಸ್ ಸ್ನಾಯುಬಿಗಿತಕ್ಕೆ ಕೊಟ್ಟ ವ್ಯಾಖ್ಯೆ ಇಂದಿಗೂ ಬಳಕೆಯಲ್ಲಿದೆ. ಅದರ ತಿರುಳು: ಸ್ನಾಯುವನ್ನು ಎಷ್ಟು ವೇಗವಾಗಿ ಎಳೆಯುತ್ತೀರೋ ಅದು ಅಷ್ಟು ಬಲವಾಗಿ ಎದುರು ಎಳೆಯುತ್ತದೆ. ತುದಿಗಾಲಿಂದ ಹಿಮ್ಮಡಿಯನ್ನು ಥಟ್ಟನೆ ಇಳಿಸುವುದೆಂದರೆ ಮೀನಖಂಡವನ್ನು ಥಟ್ಟನೆ ಎಳೆಯುವುದು.

ಎಂಎಸ್ ಇರುವ ನನ್ನ ಅತ್ತಿಗೆಯ ಕಾಲಿನಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಬಡಾವಣೆಯ ಶಿಬಿರವೊಂದರಲ್ಲಿ ಅವರು ಗೋಡೆಯ ಪಕ್ಕ ನಿಂತಿದ್ದರು. ಶಿಕ್ಷಕರು, “ಅಮ್ಮಾ, ಗೋಡೆ ಬಿಟ್ಟು ಈಚೆ ಬನ್ನಿ, ಹೆದರಬೇಡಿ” ಎಂದರು. ಅತ್ತಿಗೆ ಬಂದರು, ಎಲ್ಲರಂತೆ ಹಿಮ್ಮಡಿ ಎತ್ತಿದರು, ಎಲ್ಲರಂತೆ ಇಳಿಸಿದರು. ಹಿಮ್ಮಡಿ ನೆಲ ತಾಗಿದೊಡನೆ ಎಡಗಾಲು ಹೊಲಿಗೆ ಮಷೀನಿನ ಪೆಡಲ್‌ನಂತೆ ತಟತಟನೆ ಕುಣಿಯತೊಡಗಿತು. ಪಕ್ಕದವರು ರಟ್ಟೆ ಹಿಡಿಯದಿದ್ದರೆ ಬೀಳುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿ, ಮಂಡಿಯ ಮೇಲೆ ಅಂಗೈಯಿಟ್ಟು ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ಒತ್ತಿದ ಮೇಲೆ ಕುಣಿತ ನಿಂತಿತು. ಶಿಕ್ಷಕರು ಒಳ್ಳೆಯ ಮನುಷ್ಯರು, ಉತ್ಸಾಹದಿಂದಲೇ ಕರೆದಿದ್ದರು. ಗೋಡೆ ಬಿಡುವುದೇ ಪ್ರಗತಿ ಎಂಬ ನಂಬಿಕೆ ಅವರಿಂದ ಹಾಗೆ ಹೇಳಿಸಿತು.

ಪ್ರೊಟೊಕಾಲ್‌ನಲ್ಲಿ ಎಚ್ಚರಿಕೆಯ ಮಾತು ಇಲ್ಲವೆಂದಲ್ಲ. ತಲೆಸುತ್ತು ಇರುವವರು ಹಿಮ್ಮಡಿ ಎತ್ತಬಾರದೆಂದು ಅದು ಹೇಳುತ್ತದೆ. ಆದರೆ ಬೇಡ ಎಂದ ಮೇಲೆ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಂಎಸ್ ಅನ್ನು ಅಂಗವೈಕಲ್ಯಗಳ ಪಟ್ಟಿಯಲ್ಲಿ ಹೆಸರಿಸಿ ಸೇರಿಸಿತು. ಯೋಗದ ಪಠ್ಯಗಳು ಇಂಥವರನ್ನು ಇನ್ನೂ ಎಚ್ಚರಿಕೆಯ ಸಾಲಿನಲ್ಲೇ ನಿಲ್ಲಿಸಿವೆ.

ಹಾಗೆಂದು ಅಯ್ಯಂಗಾರ್ ಅವರ ಪುಟವನ್ನು ಇದ್ದಂತೆಯೇ ಒಪ್ಪಲಾಗದು. ಪಾದಗಳೆರಡನ್ನೂ ಕೂಡಿಸಿ, ಹಿಮ್ಮಡಿಗೆ ಹಿಮ್ಮಡಿ, ಹೆಬ್ಬೆರಳಿಗೆ ಹೆಬ್ಬೆರಳು ತಾಗಿಸಬೇಕೆಂದು ಅಲ್ಲಿದೆ. ನರರೋಗ ತಜ್ಞರು ಆಯ ತಪ್ಪುತ್ತದೆಯೇ ಎಂದು ಪರೀಕ್ಷಿಸಲು ನಿಲ್ಲಿಸುವ ಭಂಗಿಯೂ ಇದೇ; ಪಾದ ಕೂಡಿಸಿ ಕಣ್ಣು ಮುಚ್ಚಿಸಿದರೆ ಅದು ರೋಂಬರ್ಗ್ ಪರೀಕ್ಷೆ. ಪರೀಕ್ಷೆಯ ಭಂಗಿ ದಿನದ ಅಭ್ಯಾಸವಾಗಬಾರದು. ಪಾದಗಳು ಸೊಂಟದಗಲಕ್ಕೆ ಇರಲಿ. ಇನ್ನು ಮಂಡಿಚಿಪ್ಪನ್ನು ಮೇಲಕ್ಕೆಳೆದು ಮಂಡಿಗಳನ್ನು ಬಿಗಿಯಬೇಕೆಂಬ ಸೂಚನೆ. ಎಷ್ಟೋ ಎಂಎಸ್ ರೋಗಿಗಳ ಕಾಲಿನಲ್ಲಿ ಮಂಡಿ ನೇರವಾಗಿಸುವ ಸ್ನಾಯುಗಳೇ ಸೆಟೆದಿರುತ್ತವೆ, ಮಂಡಿ ಹಿಂದಕ್ಕೆ ಬಾಗಿ ಲಾಕ್ ಆಗುತ್ತದೆ. ಅವರಿಗೆ ಇನ್ನೂ ಬಿಗಿ ಎನ್ನುವುದು ತಪ್ಪು. ಮಂಡಿ ಒಂದು ಕೂದಲೆಳೆಯಷ್ಟು ಸಡಿಲವಿರಲಿ ಎನ್ನಬೇಕು. ಪೂರ್ತಿ ಸಡಿಲಿಸಿ ಎನ್ನುವುದೂ ಅಷ್ಟೇ ಅಪಾಯ. ದುರ್ಬಲವಾದ ಕಾಲನ್ನು ಕೆಲವೊಮ್ಮೆ ಆ ಸೆಡೆತವೇ ನಿಲ್ಲಿಸಿರುತ್ತದೆ. ಬಿಗಿತ ಇಳಿಸುವ ಬ್ಯಾಕ್ಲೊಫೆನ್ ಮಾತ್ರೆಯ ಪ್ರಮಾಣ ಹೆಚ್ಚಾದಾಗ ಕಾಲು ಹಗುರಾದರೂ ಮಂಡಿ ಕುಸಿಯುವುದನ್ನು ವೈದ್ಯರು ಬಲ್ಲರು. ಬಿಗಿತವೆಲ್ಲ ಶತ್ರು, ಅದನ್ನು ಕಿತ್ತುಹಾಕುವುದೇ ಯೋಗ ಎನ್ನುವವರು ಈ ಕಾಯಿಲೆಯನ್ನು ಅರ್ಥ ಮಾಡಿಕೊಂಡಿಲ್ಲ.

ಅಯ್ಯಂಗಾರ್ ಅವರ ದೊಡ್ಡತನ ಇರುವುದು ಆ ಪುಟದ ಆಚೆಗೆ, ಅವರು ಜೀವಮಾನವಿಡೀ ಬೆಳೆಸಿದ ಆಸರೆಗಳಲ್ಲಿ: ಗೋಡೆ, ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಬೆಲ್ಟ್. ಗೋಡೆಯೊಂದನ್ನೇ ನೋಡೋಣ. ಹಿಮ್ಮಡಿಗಳು ಗೋಡೆಯಿಂದ ಎರಡು ಮೂರು ಅಂಗುಲ ಮುಂದೆ. ಪೃಷ್ಠ ಮತ್ತು ಬೆನ್ನ ಹಲಗೆಗಳು ಗೋಡೆಗೆ ತಾಗಿರುತ್ತವೆ. ಎದುರಿಗೆ ಕುರ್ಚಿ, ಅದರ ಬೆನ್ನಿನ ಮೇಲೆ ಎರಡೂ ಕೈಗಳ ಬೆರಳ ತುದಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಭಾರದ ಕಬ್ಬಿಣದ್ದೋ ಮರದ್ದೋ ಆಗಬೇಕು, ಕೆಳಗೆ ರಬ್ಬರ್ ಚಾಪೆ ಬೇಕು. ಈಗ ಭಾರವನ್ನು ಬಲಪಾದಕ್ಕೆ ದಾಟಿಸಿ, ಎರಡು ಉಸಿರು ನಿಂತು, ನಡುವಿಗೆ ಬಂದು, ಎಡಪಾದಕ್ಕೆ. ಆಮೇಲೆ ಬೆರಳುಗಳ ಕಡೆಗೆ, ಹಿಮ್ಮಡಿಯ ಕಡೆಗೆ. ಭಾರ ಯಾವ ಕಡೆ ಸರಿಯಿತೆಂದು ಅಂಗಾಲು ತಡವಾಗಿ ಹೇಳುವಷ್ಟರಲ್ಲಿ ಬೆನ್ನ ಮೇಲಿನ ಒತ್ತಡ ಆಗಲೇ ಹೇಳಿರುತ್ತದೆ.

ಇದು ಬರೀ ಕಲ್ಪನೆಯಲ್ಲ. 1994ರಲ್ಲಿ ಜೆಕಾ ಮತ್ತು ಲ್ಯಾಕ್ನರ್ ಎಂಬ ಸಂಶೋಧಕರು ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗದಲ್ಲಿ, ಸ್ಥಿರವಾದ ಮೇಲ್ಮೈಯನ್ನು ಬೆರಳ ತುದಿಯಿಂದ ಸುಮ್ಮನೆ ಸೋಕಿದರೂ ನಿಂತವರ ತೂಗಾಟ ಗಣನೀಯವಾಗಿ ಇಳಿಯಿತು. ಆ ಸ್ಪರ್ಶದ ಬಲ ಒಂದು ನ್ಯೂಟನ್‌ಗಿಂತ ಕಡಿಮೆ, ಅಂದರೆ ಸುಮಾರು ನೂರು ಗ್ರಾಂ ತೂಕದಷ್ಟೂ ಇಲ್ಲ. ಅಷ್ಟು ಬಲ ಒಂದು ದೇಹವನ್ನು ಎತ್ತಿ ಹಿಡಿಯಲಾರದು. ಅದು ಮಾಡುವ ಕೆಲಸ ಮಿದುಳಿಗೆ ಸುದ್ದಿ ಮುಟ್ಟಿಸುವುದು. ಗೋಡೆಯನ್ನು ಊರುಗೋಲೆಂದು ತಿಳಿದದ್ದೇ ನಮ್ಮ ದೊಡ್ಡ ತಪ್ಪು ತಿಳಿವಳಿಕೆ. ಪಾದದ ಸುದ್ದಿ ತಡವಾಗುವವರಿಗೆ ಗೋಡೆ ಇನ್ನೊಂದು ಪಾದವಾಗುತ್ತದೆ. ಕಾಲಿನ ಸುದ್ದಿಯ ಕೊರತೆಯನ್ನು ಕಣ್ಣಿನಿಂದ ತುಂಬಿಕೊಳ್ಳುವ ಇವರು ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಜೋಲಿ ಹೊಡೆಯುವುದು ಇದೇ ಕಾರಣಕ್ಕೆ, ಗೋಡೆಗೆ ಒಂದು ಬೆರಳು ತಾಗಿಸಿದರೆ ಸುಧಾರಿಸಿಕೊಳ್ಳುವುದೂ ಇದೇ ಕಾರಣಕ್ಕೆ.

ಇಲ್ಲಿ ಎರಡು ಬಣಗಳೊಡನೆ ನನ್ನ ಜಗಳವಿದೆ. ಮೊದಲನೆಯದು ಶುದ್ಧಾಚಾರದ ಬಣ. ಕುರ್ಚಿ, ಬೆಲ್ಟ್ ಹಿಡಿದು ಮಾಡುವುದು ಯೋಗವೇ ಅಲ್ಲ, ಅದು ಪಾಶ್ಚಾತ್ಯರಿಗಾಗಿ ಮಾಡಿಕೊಂಡ ರಿಯಾಯಿತಿ ಎಂದು ಇವರು ಹೇಳುತ್ತಾರೆ. ಇವರು ಮೇಲುಕೋಟೆಯ ಬೆಟ್ಟ ಹತ್ತಿ ಯೋಗನರಸಿಂಹನನ್ನು ಮತ್ತೊಮ್ಮೆ ನೋಡಬೇಕು. ಮಂಡಿಗಳನ್ನು ಸುತ್ತಿ ಹಿಡಿದ ಯೋಗಪಟ್ಟ ಅಲ್ಲಿದೆ. ಯೋಗದ ಅಧಿದೇವತೆಯೆಂದು ನಾವು ಪೂಜಿಸುವ ಮೂರ್ತಿಗೆ ಶಿಲ್ಪಿ ಪಟ್ಟಿ ತೊಡಿಸಿದ್ದಾನೆ. ದೇಹವನ್ನು ಬಹಳ ಹೊತ್ತು ಒಂದು ಸ್ಥಿತಿಯಲ್ಲಿ ನಿಲ್ಲಿಸಲು ಆಸರೆ ಬೇಕೆಂಬ ತಿಳಿವು ನಮ್ಮ ಶಿಲ್ಪಶಾಸ್ತ್ರಕ್ಕೂ ಇತ್ತು, ಯೋಗಿಗಳಿಗೂ ಇತ್ತು. ಆಸರೆಯನ್ನು ಕೀಳೆಂದು ಕಾಣುವುದು ಪರಂಪರೆಯಿಂದ ಬಂದದ್ದಲ್ಲ. ಆಸನವನ್ನು ಪ್ರದರ್ಶನವಾಗಿ ನೋಡತೊಡಗಿದ ಮೇಲೆ ಬಂದದ್ದು.

ಎರಡನೆಯದು ಅಂಕಿಅಂಶದ ಬಣ. 2004ರಲ್ಲಿ ಬ್ಯಾರಿ ಓಕನ್ ಮತ್ತು ಸಂಗಡಿಗರು ಅಮೆರಿಕದ ಆರೆಗಾನ್‌ನಲ್ಲಿ 69 ಎಂಎಸ್ ರೋಗಿಗಳ ಮೇಲೆ ಆರು ತಿಂಗಳು ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಅಯ್ಯಂಗಾರ್ ಪದ್ಧತಿಯ ಯೋಗ, ಇನ್ನೊಂದಕ್ಕೆ ನಿಂತಲ್ಲೇ ತುಳಿಯುವ ಸೈಕಲ್, ಮೂರನೆಯದು ಸರದಿ ಕಾಯುವ ಗುಂಪು. ಯೋಗದವರಿಗೂ ಸೈಕಲ್‌ನವರಿಗೂ ಸುಸ್ತು ಕಡಿಮೆಯಾಯಿತು. ಗಮನಶಕ್ತಿಯಲ್ಲಿ ಬದಲಾವಣೆ ಕಾಣಲಿಲ್ಲ. ಇದನ್ನು ಹಿಡಿದು ‘ಯೋಗವೂ ಒಂದೇ, ಸೈಕಲ್ಲೂ ಒಂದೇ’ ಎಂದು ತೀರ್ಪು ಕೊಡುವವರಿದ್ದಾರೆ. ಆ ಪ್ರಯೋಗ ಮುಖ್ಯವಾಗಿ ಕೇಳಿದ್ದು ಗಮನಶಕ್ತಿಯ ಪ್ರಶ್ನೆ. ಕಾಲಿನ ಸೆಡೆತ, ನಿಲ್ಲುವ ಆಯ ಅದರ ಕೇಂದ್ರದಲ್ಲಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಆಸನವನ್ನು ದೂರುವುದು ನ್ಯಾಯವಲ್ಲ. ಸೈಕಲ್ ಹೃದಯಕ್ಕೆ, ಶ್ವಾಸಕೋಶಕ್ಕೆ ಒಳ್ಳೆಯದು. ಆದರೆ ಸೀಟಿನ ಮೇಲೆ ಕೂತವರು ಭಾರವನ್ನು ಒಂದು ಪಾದದಿಂದ ಇನ್ನೊಂದಕ್ಕೆ ದಾಟಿಸುವುದನ್ನು ಕಲಿಯುವುದಿಲ್ಲ. ಅದನ್ನು ನಿಂತೇ ಕಲಿಯಬೇಕು.

ಇದೇ ಪ್ರಯೋಗವನ್ನು ಯೋಗಪ್ರಿಯರು ಎತ್ತಿಹಿಡಿಯುವ ಬಗೆಯೂ ಸರಿಯಲ್ಲ. ಎಂಎಸ್‌ಗೆ ಯೋಗ ಮದ್ದೆಂದು ವಿಜ್ಞಾನ ಒಪ್ಪಿತು ಎಂಬ ಮಾತು ಇದರಿಂದ ಹೊರಡುವುದಿಲ್ಲ. ಅಲ್ಲಿ ಆಸನಗಳನ್ನು ಮಾಡಿಸಿದ್ದು ಕುರ್ಚಿ, ಗೋಡೆಗಳ ಆಸರೆಯಲ್ಲಿ, ನಡುನಡುವೆ ವಿರಾಮ ಕೊಟ್ಟು. ಆ ವಿವರವನ್ನು ಬಿಟ್ಟು ಯೋಗ ಎಂಬ ಹೆಸರನ್ನಷ್ಟೇ ಉಳಿಸಿಕೊಂಡರೆ ಪ್ರಯೋಗದ ಜೀವವನ್ನೇ ಬಿಟ್ಟಂತೆ. ಇಪ್ಪತ್ತರ ಹರೆಯದಲ್ಲೇ ಎಂಎಸ್ ಕಾಣಿಸಿಕೊಂಡ, ಅಯ್ಯಂಗಾರ್ ಪದ್ಧತಿಯ ಶಿಕ್ಷಕ ಎರಿಕ್ ಸ್ಮಾಲ್, ವೈದ್ಯ ಲೊರೆನ್ ಫಿಶ್‌ಮನ್ ಜೊತೆಗೂಡಿ 2007ರಲ್ಲಿ ತಂದ ಪುಸ್ತಕ ಈ ಆಸರೆಗಳನ್ನು ಗಂಭೀರವಾಗಿ ತೆಗೆದುಕೊಂಡಿತು. ಅಯ್ಯಂಗಾರ್ ಹುಟ್ಟಿದ ನಾಡಿನಲ್ಲಿ ಆ ಗಾಂಭೀರ್ಯ ಇನ್ನೂ ಸಾಲದು.

ಗೋಡೆಯ ತಾಡಾಸನದ ಮಿತಿಗಳನ್ನೂ ಹೇಳಬೇಕು. ಅದು ಕಾಯಿಲೆಯನ್ನು ತಡೆಯುವುದಿಲ್ಲ, ಔಷಧಿಗೆ ಬದಲಾಗುವುದಿಲ್ಲ. ಕಾಯಿಲೆ ಮರುಕಳಿಸಿದ ದಿನಗಳಲ್ಲಿ ನರರೋಗ ತಜ್ಞರನ್ನು ಕೇಳದೆ ಮಾಡಬಾರದು. ಮೈ ಬಿಸಿಯಾದರೆ ನರಸಂದೇಶ ಇನ್ನಷ್ಟು ಕುಂಟುತ್ತದೆ. ದಣಿದಾಗ ರೋಗಿಗಳ ಕಣ್ಣು ಮಂಜಾಗುವುದನ್ನು ಜರ್ಮನಿಯ ಊಟಾಫ್ 1890ರಲ್ಲೇ ಗುರುತಿಸಿದ್ದರು. ದೇಹದ ಶಾಖ ಅರ್ಧ ಡಿಗ್ರಿ ಏರಿದರೂ ಸಾಕು. ಆದ್ದರಿಂದ ಬೆಳಗಿನ ತಂಪಿನಲ್ಲಿ, ಫ್ಯಾನಿನ ಕೆಳಗೆ, ಸುಸ್ತು ಶುರುವಾಗುವ ಮೊದಲೇ ನಿಲ್ಲಿಸಬೇಕು. ಮೊದಮೊದಲು ಪಕ್ಕದಲ್ಲೊಬ್ಬರು ಇರಲೇಬೇಕು, ಅವರು ಫಿಸಿಯೊಥೆರಪಿಸ್ಟ್ ಆಗಿದ್ದರೆ ಇನ್ನೂ ಒಳ್ಳೆಯದು.

ಈ ಮಿತಿಗಳು ನನ್ನ ತೀರ್ಪನ್ನು ಬದಲಿಸುವುದಿಲ್ಲ. ಒಂಟಿಕಾಲ ವೃಕ್ಷಾಸನ ಇರುವ ಸಮತೋಲವನ್ನು ತೋರಿಸುತ್ತದೆ. ಗೋಡೆಗೊರಗಿದ ತಾಡಾಸನ ಇಲ್ಲದ ಸಮತೋಲವನ್ನು ಕಟ್ಟಿಕೊಳ್ಳಲು ದಾರಿ ಮಾಡುತ್ತದೆ. ಎರಡನೆಯದರ ಬೆಲೆ ಹೆಚ್ಚು. ಮುಂದೆ ಪ್ರೊಟೊಕಾಲ್ ಪರಿಷ್ಕರಿಸುವವರು ತಾಡಾಸನದ ಪುಟದಲ್ಲಿ ಗೋಡೆ, ಕುರ್ಚಿಗಳ ವಿಧಾನವನ್ನು ಎಚ್ಚರಿಕೆಯ ಸಾಲಿಗೆ ತಳ್ಳದೆ, ಪಾಠದ ಮೊದಲ ಚಿತ್ರವಾಗಿ ಕೊಡಬೇಕು. ಯೋಗ ಶಿಕ್ಷಕರ ತರಬೇತಿಯಲ್ಲಿ ಮೀನಖಂಡದ ಕುಣಿತವನ್ನು ಗುರುತಿಸುವುದು, ಅದನ್ನು ನಿಲ್ಲಿಸುವುದು ಕಡ್ಡಾಯವಾಗಬೇಕು. ಗೋಡೆಯ ಪಕ್ಕ ನಿಂತವರನ್ನು ಈಚೆ ಬನ್ನಿ ಎಂದು ಕರೆಯುವ ಮೊದಲು, ಅವರು ಅಲ್ಲಿ ಏನು ಕಲಿಯುತ್ತಿದ್ದಾರೆಂದು ಶಿಕ್ಷಕರು ಕೇಳಿ ತಿಳಿಯಬೇಕು.