ಹಳೇ ಜೀಪು, ಡೀಸೆಲ್ ಎಂಜಿನ್

ಮಲೆನಾಡಿನ ಕಾಫಿ ತೋಟಗಳಲ್ಲಿ ಉಳಿದಿರುವ ಹಳೇ ವಿಲ್ಲೀಸ್ ಜೀಪುಗಳ ಬಾನೆಟ್ ಎತ್ತಿದರೆ, ಎಷ್ಟೋ ಸಲ ಹುಟ್ಟಿನ ಪೆಟ್ರೋಲ್ ಎಂಜಿನ್ ಅಲ್ಲಿರುವುದಿಲ್ಲ. ಎರಡನೇ ಮಹಾಯುದ್ಧದ ಆ ಜೀಪಿನದು 2.2 ಲೀಟರಿನ, 60 ಅಶ್ವಶಕ್ತಿಯ ಎಂಜಿನ್. ಗಟ್ಟಿಮುಟ್ಟು, ಆದರೆ ಬಾಯಾರಿಕೆ ಜಾಸ್ತಿ. ಅದರ ಜಾಗದಲ್ಲಿ ಮಹೀಂದ್ರ ಜೀಪುಗಳಿಗೆ ಬರುತ್ತಿದ್ದ ಪ್ಯೂಜೊ ಡೀಸೆಲ್ಲೋ, ಟ್ರ್ಯಾಕ್ಟರ್ ಮೂಲದ ಡಿಐ ಎಂಜಿನ್ನೋ ಕೂತಿರುತ್ತದೆ.

ಕೂರಿಸುವವನ ಕೈಚಳಕ ಕಾಣುವುದು ಎಂಜಿನ್ನಿನಲ್ಲಲ್ಲ, ಅದಕ್ಕೂ ಗೇರ್‌ಬಾಕ್ಸಿಗೂ ನಡುವಿನ ಅಡಾಪ್ಟರ್ ಪ್ಲೇಟಿನಲ್ಲಿ. ಕ್ರ್ಯಾಂಕಿನ ನಡು ಗೇರ್‌ಬಾಕ್ಸ್ ಶಾಫ್ಟಿನ ನೇರಕ್ಕೇ ಬರಬೇಕು. ಕೂದಲೆಳೆ ತಪ್ಪಿದರೂ ಕ್ಲಚ್ ಅದುರುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಬಲ್ಲವನು ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿಯೇ ಬೋಲ್ಟ್ ಬಿಗಿಯುತ್ತಾನೆ. ಗುಂಡಿಗೆ ಬಿದ್ದು ಸ್ಪ್ರಿಂಗ್ ಪಟ್ಟೆ ಪೂರ್ತಿ ಕುಸಿದಾಗಲೂ ಎಂಜಿನ್ನಿನ ಸಂಪು ಮುಂದಿನ ಡಿಫರೆನ್ಷಿಯಲ್ಲಿಗೆ ತಾಗದಂತೆ ಮೌಂಟು ಮಾಡುವುದೂ ಅವನದೇ ಲೆಕ್ಕ. ಮೂಲದ 6 ವೋಲ್ಟ್ ವಿದ್ಯುತ್ತಿಗೆ ಡೀಸೆಲ್ ಎಂಜಿನ್ ತಿರುಗದು. ವೈರಿಂಗ್ ಪೂರ್ತಿ 12 ವೋಲ್ಟಿಗೆ ಬದಲಾಗಬೇಕು.

ಇಷ್ಟಾದ ಮೇಲೂ ಹೆದ್ದಾರಿಯಲ್ಲಿ ಈ ಜೀಪು ಹಿಂಸೆಯೇ. ಆಕ್ಸಲ್ ಅನುಪಾತ 4.88, ಪೆಟ್ರೋಲ್ ಎಂಜಿನ್ ಪೂರ್ತಿ ಶಕ್ತಿ ಕೊಡುತ್ತಿದ್ದುದು ನಿಮಿಷಕ್ಕೆ 4000 ಸುತ್ತಿನಲ್ಲಿ. ಟ್ರ್ಯಾಕ್ಟರ್ ಎಂಜಿನ್ ಅಷ್ಟು ಸುತ್ತು ತಿರುಗದು, ಹಾಗಾಗಿ ವೇಗವೂ ಏರದು. ವೇಗ ಬೇಕಾದವರು ಕಾರು ಕೊಳ್ಳಲಿ! ಕೆಸರಿನ ಏರಿನಲ್ಲಿ, ಲೋ ಗೇರಿನಲ್ಲಿ, ಆಕ್ಸಿಲರೇಟರ್ ಮುಟ್ಟದೆಯೇ ಮೂಟೆ ಹೊತ್ತು ಹತ್ತುವಾಗ ಇದರ ಸಮ ಬೇರೆ ಇಲ್ಲ. ಅಂದಹಾಗೆ, ಆರ್‌ಟಿಓ ಒಪ್ಪಿಗೆ ಮೊದಲು, ಸ್ಪ್ಯಾನರ್ ಆಮೇಲೆ: ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಇಲ್ಲದಿದ್ದರೆ ಜೀಪು ತೋಟದ ಗೇಟು ದಾಟುವಂತಿಲ್ಲ.